ಮನೆಯಲ್ಲಿ ಯಾರಿಗೂ ಜ್ವರವಿಲ್ಲ

ರೇಷ್ಮೆ ಹುಳು ಸಾಕಿದ ಮನೆಗಳಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಒಳಗೆ ಸಪ್ಪೆ ರೋಗ ಬಡಿದು ತಟ್ಟೆ ತಟ್ಟೆ ಹುಳು ತಿಪ್ಪೆಗೆ ಹೋಗುತ್ತಿದ್ದರೂ, ಬೀದಿಯಲ್ಲಿ ಯಾರಾದರೂ "ಹುಳ ಹೆಂಗವಮ್ಮಾ" ಎಂದರೆ "ಚೆನ್ನಾಗವೆ" ಎಂದೇ ಹೇಳಬೇಕು. ರೋಗವೆಂದು ಬಾಯಿಬಿಟ್ಟರೆ ಉಳಿದವಕ್ಕೂ ತಗಲುತ್ತದೆ ಎಂಬುದು ನಂಬಿಕೆ. ಗೂಡಿನ ಬೆಲೆ ಇಳಿಯುತ್ತದೆ ಎಂಬುದು ವ್ಯಾಪಾರ. ನಂಬಿಕೆ, ವ್ಯಾಪಾರ ಎರಡೂ ಒಂದೇ ಮಾತು ಹೇಳುವಾಗ ಅದನ್ನು ಮೀರುವ ಧೈರ್ಯ ಯಾರಿಗಿದೆ?

ತಾಯಲೂರಿಗೆ ಎರಡು ಮೈಲಿ ದೂರದ ಊರಿನ ದೊಡ್ಡನಾರಾಯಣಪ್ಪನ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅಶ್ವತ್ಥಮ್ಮನಿಗೆ ಇದು ಗೊತ್ತಿರಲಿಲ್ಲ. ಬೋರಿನ ಹತ್ತಿರ ನೀರು ಹಿಡಿಯುತ್ತ, "ನಮ್ಮ ಹುಳ ಯಾಕೋ ಸೊಪ್ಪು ಮುಟ್ತಿಲ್ಲ" ಎಂದುಬಿಟ್ಟಿದ್ದಳು. ಮಾವ ಮೂರು ದಿನ ಅವಳ ಜೊತೆ ಮಾತು ಬಿಟ್ಟ. ನಾಲ್ಕನೆಯ ದಿನ ಕರೆದು, "ಹುಳುಮನೆ ಮಾತು ಹೊಸಿಲು ದಾಟಬಾರ್ದು ಕಣಮ್ಮ" ಎಂದು ಅಷ್ಟೇ ಹೇಳಿದ. ಅದಾಗಿ ಹತ್ತೊಂಬತ್ತು ವರ್ಷವಾಗಿತ್ತು.

ಚೀನಾ ರೇಷ್ಮೆ ಬಂದು ಗೂಡಿನ ಬೆಲೆ ನೆಲಕಚ್ಚಿದಾಗ ಅವಳ ಗಂಡ ಮುನೇಶ ಹಿಪ್ಪುನೇರಳೆ ಕಿತ್ತುಹಾಕಿ, ಅದೇ ಜಾಗದಲ್ಲಿ ಮೂರು ಸಾವಿರ ಬ್ರಾಯ್ಲರ್ ಕೋಳಿ ಹಿಡಿಸುವ ಶೆಡ್ ಕಟ್ಟಿದ್ದ. ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧಿ ಕಂಪನಿಯದು. ಮೈಮುರಿದು ಸಾಕುವುದು ಮಾತ್ರ ಮನೆಯವರದು. ನಲವತ್ತು ದಿನವಾದರೆ ಕಂಪನಿಯ ಲಾರಿ ಬಂದು ಕೋಳಿ ತುಂಬಿಕೊಂಡು ಹೋಗುತ್ತಿತ್ತು, ಸಾಕಿದ್ದಕ್ಕೆ ಕೂಲಿ ಸಿಗುತ್ತಿತ್ತು. ಆ ಕೂಲಿಯಲ್ಲೇ ಮಗಳು ಶ್ರುತಿ ಮುಳಬಾಗಿಲಿನಲ್ಲಿ ಎರಡನೇ ಪಿಯುಸಿವರೆಗೆ ಓದಿದ್ದಳು. ಹುಳು ಹೋಗಿ ಕೋಳಿ ಬಂದಿದ್ದರೂ ಮನೆಯ ಚಾಳಿ ಮಾತ್ರ ಹಳೆಯದೇ ಇತ್ತು.

ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿ. ಶೆಡ್ಡಿನ ಕೋಳಿಗೆ ಮೂವತ್ತೆಂಟು ದಿನ ತುಂಬಿದ ಸಂಜೆ ಟಿ.ವಿ.ಯಲ್ಲಿ ಹಕ್ಕಿಜ್ವರದ ಸುದ್ದಿ ಬಂತು. ಮಹಾರಾಷ್ಟ್ರದ ಯಾವುದೋ ತಾಲೂಕಿನಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ತೊಟ್ಟ ಜನ ಕೋಳಿಗಳನ್ನು ಚೀಲಕ್ಕೆ ತುಂಬಿ ಗುಂಡಿಗೆ ಎಸೆಯುತ್ತಿದ್ದರು. ಮುನೇಶ ತುತ್ತು ಮುರಿದವನು ಹಾಗೇ ಕೈಯಲ್ಲಿ ಹಿಡಿದು ನೋಡುತ್ತಿದ್ದ.

"ಅದು ಇಲ್ಲಿಂದ ಸಾವಿರ ಕಿಲೋಮೀಟರ್ ದೂರ ಅಪ್ಪ. ಊಟ ಮಾಡಿ" ಎಂದಳು ಶ್ರುತಿ.

"ಹಕ್ಕಿಗೆ ಯಾವ ಕಂಡಕ್ಟರ್ ಟಿಕೆಟ್ ಕೇಳ್ತಾನೆ?" ಎಂದ ದೊಡ್ಡನಾರಾಯಣಪ್ಪ. ಕೋಳಿ ಶೆಡ್ಡು ಎದ್ದ ದಿನದಿಂದ ಅವನಿಗೆ ಅದನ್ನು ಕಂಡರೆ ಅಷ್ಟಕ್ಕಷ್ಟೆ. "ಬಂಗಾರದಂಥ ಸೊಪ್ಪಿನ ತೋಟ ಕಿತ್ತಾಕಿ ಗಬ್ಬು ಸಾಕ್ತೀನಿ ಅಂದೆ. ನೋಡೀಗ."

"ಆ ಬಂಗಾರಾನ ಕೊಳ್ಳೋರಿಲ್ದೆ ತಾನೇ ಕಿತ್ತಿದ್ದು ಅಪ್ಪಯ್ಯ" ಎಂದು ಮುನೇಶ ತಟ್ಟೆಯಲ್ಲೇ ಕೈತೊಳೆದ. ಅರ್ಧ ಮುದ್ದೆ ಹಾಗೇ ಉಳಿದಿತ್ತು. ಅವನ ತಾಯಿ ಆವಲಮ್ಮ ಅದನ್ನು ನೋಡಿ, ಪುಂಗನೂರು ಕಡೆಯ ತನ್ನ ತವರಿನ ತೆಲುಗಿನಲ್ಲಿ "ತಿನು ನಾಯನಾ" ಎಂದಳು. ಅವನಾಗಲೇ ಟಾರ್ಚು ತೆಗೆದುಕೊಂಡು ಶೆಡ್ಡಿನ ಕಡೆ ಹೊರಟಿದ್ದ.

ಮರುದಿನ ಶ್ರುತಿ ಕಾಲೇಜಿನಿಂದ ಪೇಪರು ತಂದು ಮನೆಯವರಿಗೆಲ್ಲ ಓದಿ ಹೇಳಿದಳು. ಚೆನ್ನಾಗಿ ಬೇಯಿಸಿದ ಕೋಳಿಯಿಂದ ರೋಗ ಬರುವುದಿಲ್ಲ. ಮನುಷ್ಯರಿಗೆ ತಗಲುವುದೇ ಅಪರೂಪ. ನಮ್ಮ ರಾಜ್ಯದಲ್ಲಿ ಎಲ್ಲೂ ಕಂಡುಬಂದಿಲ್ಲ. ಆದರೆ ಈ ವೈರಸ್ಸು ಮನುಷ್ಯನಿಂದ ಮನುಷ್ಯನಿಗೆ ದಾಟುವುದನ್ನು ಎಂದಾದರೂ ಕಲಿತರೆ ಪ್ರಪಂಚದಲ್ಲಿ ಲಕ್ಷಗಟ್ಟಲೆ ಜನ ಸಾಯಬಹುದು. ಹೀಗೆ ಮೂರು ಮಾತು ಧೈರ್ಯದ್ದು, ಒಂದು ಮಾತು ಭಯದ್ದು. ಊರಿಗೆ ತಲುಪಿದ್ದು ಆ ನಾಲ್ಕನೆಯದು ಮಾತ್ರ.

ಎರಡೇ ದಿನಕ್ಕೆ ಅಶ್ವತ್ಥಮ್ಮನಿಗೆ ಅದರ ಬಿಸಿ ತಟ್ಟಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಸಾಲಿನಲ್ಲಿದ್ದ ಹೆಂಗಸರು ಸೆರಗು ಮೂಗಿಗೆ ಹಿಡಿದು ಸರಿದು ನಿಂತರು. ಡೈರಿ ಕಾರ್ಯದರ್ಶಿ ಮುನಿರಾಮಪ್ಪ ಪಕ್ಕದ ಮನೆಯವನು, ಹಬ್ಬ ಹುಣ್ಣಿಮೆಗೆ ಇವರ ಮನೆಯಲ್ಲೇ ಉಣ್ಣುವವನು. ಅವನು ತಲೆ ಎತ್ತದೆ, "ನಿಮ್ಮ ಕ್ಯಾನು ಕಡೇಲಿ ಇಡಮ್ಮ" ಎಂದ.

"ಯಾಕಣ್ಣ, ನಮ್ಮ ಹಸು ಏನ್ ಮೊಟ್ಟೆ ಇಡ್ತೈತಾ?"

"ಹಂಗಲ್ಲಮ್ಮ. ಜನ ಒಂದೊಂದ್ ಥರಾ ಇರ್ತಾರೆ. ಎಲ್ಲರದೂ ಆಗ್ಲಿ."

ಅವಳು ಕಡೆಯವರೆಗೂ ನಿಂತು ಹಾಲು ಹಾಕಿ ಬಂದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ನಲವತ್ತೆರಡು ದಿನವಾಯಿತು, ಲಾರಿ ಬರಲಿಲ್ಲ. ಕಂಪನಿಯ ಸೂಪರ್‌ವೈಸರ್ ಕದಿರೇಶ ಮೊದಲೆಲ್ಲ ಜಗುಲಿಯಲ್ಲಿ ಕೂತು ಕಾಫಿ ಕುಡಿದೇ ಹೋಗುವವನು. ಈ ಸಲ ಬೈಕಿನ ಮೇಲೆ ಕೂತೇ, ಗೇಟಿನ ಆಚೆಯಿಂದ ಮಾತಾಡಿದ.

"ಬೆಂಗಳೂರಲ್ಲಿ ಕೋಳಿ ಕೇಳೋರೇ ಇಲ್ಲ ಮುನೇಶಣ್ಣ. ಅಂಗಡಿಯೋರೆಲ್ಲಾ ಮೀನು ಮಾರ್ತಾವ್ರೆ. ಇನ್ನೊಂದೆರಡು ವಾರ ಇಟ್ಕೊ."

"ಇಟ್ಕೊಂಡು ಏನ್ ತಿನ್ನಿಸ್ಲಿ? ಫೀಡು ನಾಳೆಗೆ ಮುಗೀತೈತೆ."

"ಆಫೀಸಲ್ಲಿ ಕೇಳಿ ಹೇಳ್ತೀನಿ" ಎಂದು ಹೋದವನು ಹತ್ತು ದಿನ ಆ ಕಡೆ ತಲೆ ಹಾಕಲಿಲ್ಲ.

ಫೀಡು ನಿಂತ ಮೇಲೆ ಅಶ್ವತ್ಥಮ್ಮ ಮನೆಯ ರಾಗಿ ಮೂಟೆ ಬಿಚ್ಚಿದಳು. ರಾಗಿಗೆ ಜೋಳದ ನುಚ್ಚು, ಅಕ್ಕಿ ತೌಡು ಬೆರೆಸಿ ಎರಡು ಹೊತ್ತು ಮಂಕರಿಯಲ್ಲಿ ಹೊತ್ತು ಹಾಕಿದಳು. ಮೂರು ಸಾವಿರ ಕೊಕ್ಕಿಗೆ ಅದು ಯಾವ ಮೂಲೆಗೆ? ಮೈ ಬೆಳೆದು ಕಾಲು ನಿಲ್ಲದ ಕೋಳಿಗಳು ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಕುಸಿದು ಕೂತಿರುತ್ತಿದ್ದವು. ಹಸಿದವು ಅವುಗಳನ್ನೇ ಕುಕ್ಕುತ್ತಿದ್ದವು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಇಪ್ಪತ್ತು ಮೂವತ್ತು ಸತ್ತಿರುತ್ತಿದ್ದವು. ಮುನೇಶ ಅವನ್ನು ಆರಿಸಿ ಗುಂಡಿಗೆ ಹಾಕಿ ಸುಣ್ಣ ಚೆಲ್ಲುತ್ತಿದ್ದ. ಹಸಿವಿನಿಂದ ಸತ್ತವು ಎಂದು ಅವನಿಗೆ ಗೊತ್ತಿತ್ತು, ಆದರೂ ಹಕ್ಕಿಜ್ವರದ ಗುರುತಿನಂತೆ ಜುಟ್ಟು ನೀಲಿಯಾಗಿದೆಯೋ ಎಂದು ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತಿದ್ದ.

"ಮನೆ ಮಕ್ಕಳು ತಿನ್ನೋ ರಾಗಿ ಕೋಳಿಗೆ ಸುರೀತಾವ್ಳಲ್ಲ ನಿನ್ನ ಹೆಂಡ್ತಿ. ನಾಳೆ ನಾವೇನ್ ಸುಣ್ಣ ತಿನ್ನೋಣ್ವಾ?" ಎಂದು ಆವಲಮ್ಮ ಒಲೆಯ ಮುಂದೆ ಕೂತು ಗೊಣಗಿದಳು.

"ಅವೂ ಬಾಯಿರೋ ಜೀವ ಅಲ್ವಾ ಅತ್ತೆ" ಎಂದಳು ಅಶ್ವತ್ಥಮ್ಮ. ಅಂದಿನಿಂದ ಮುದ್ದೆಯ ಗಾತ್ರ ಇಳಿಯಿತು. ಹುರುಳಿಕಾಳಿನ ಸಾರು ನೀರಾಯಿತು. ತಿನ್ನುವಷ್ಟು ಕೋಳಿ ಹಿತ್ತಲಲ್ಲಿ ಸಾಯುತ್ತಿದ್ದರೂ ಆ ಮನೆಯಲ್ಲಿ ಒಂದು ದಿನ ಕೋಳಿ ಸಾರು ಆಗಲಿಲ್ಲ. ಮಾವ ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದ, ಉಳಿದವರು ಹೇಳದೆ ಬಿಟ್ಟಿದ್ದರು.

ಮಾರ್ಚ್ ಮೊದಲ ವಾರದಲ್ಲಿ ಕೋಳಿ ಸಾಕುವವರೆಲ್ಲ ಸೇರಿ ಮುಳಬಾಗಿಲಿನಲ್ಲಿ ಕೋಳಿ ಮೇಳ ಮಾಡಿದರು. ಶಾಮಿಯಾನ ಹಾಕಿ, ಮೈಕು ಕಟ್ಟಿ, ಬಂದವರಿಗೆಲ್ಲ ಪುಕ್ಕಟೆ ಬಿರಿಯಾನಿ, ಕಬಾಬು. ಜನ ಕೋಳಿ ತಿನ್ನುವುದನ್ನು ಜನರೇ ಕಣ್ಣಾರೆ ಕಂಡರೆ ಭಯ ಬಿಟ್ಟೀತು ಎಂಬ ಆಸೆ. ಮೊದಲು ಯಾರೂ ತಟ್ಟೆ ಮುಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಆಗ ಮುನೇಶ ವೇದಿಕೆ ಹತ್ತಿದ. ಮಾತಾಡಿ ಅಭ್ಯಾಸವಿಲ್ಲದವನು, ಅಂದು ಎಲ್ಲಿಂದ ಮಾತು ಬಂತೋ. ಒಂದು ಕೋಳಿ ಕಾಲು ಎತ್ತಿಕೊಂಡು ಎಲ್ಲರೆದುರು ಕಚ್ಚಿ ತಿಂದು, ಮೈಕು ಹಿಡಿದ.

"ನನ್ನ ನೋಡ್ರಪ್ಪ. ಐದು ವರ್ಷದಿಂದ ಕೋಳಿ ಜೊತೆ ಏಳ್ತೀನಿ, ಕೋಳಿ ಜೊತೆ ಮಲಗ್ತೀನಿ. ನನಗೆ ಒಂದು ಶೀತಾನೂ ಇಲ್ಲ. ನಾನು ಜ್ವರ ಬಂದು ಮಲಗಿದೆ ಅಂತ ಯಾವತ್ತಾದ್ರೂ ಕೇಳಿದ್ರೆ, ಅವತ್ತಿಂದ ನೀವು ಕೋಳಿ ತಿನ್ನೋದು ಬಿಟ್ಬಿಡಿ."

ಚಪ್ಪಾಳೆ ಬಿತ್ತು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ ಜನ ಮುಗಿಬಿದ್ದು, ಎರಡೆರಡು ಸಲ ಸಾಲಿನಲ್ಲಿ ನಿಂತು ತಿಂದರು. ಕೋಲಾರದ ಪೇಪರಿನಲ್ಲಿ ಕೋಳಿ ಕಾಲು ಹಿಡಿದ ಮುನೇಶನ ಫೋಟೋ ಬಂತು. ಶ್ರುತಿ ಅದನ್ನು ಕತ್ತರಿಸಿ ದೇವರ ಗೂಡಿನ ಪಕ್ಕಕ್ಕೆ ಅಂಟಿಸಿದಳು. ಮರುದಿನದಿಂದ ಕಾಸು ಕೊಟ್ಟು ಕೋಳಿ ಕೊಳ್ಳುವವರು ಮಾತ್ರ ಮತ್ತೆ ಯಾರೂ ಇರಲಿಲ್ಲ.

ಅದೇ ವಾರ ಅಕಾಲದಲ್ಲಿ ಒಂದು ಮಳೆ ಸುರಿಯಿತು. ಗಾಳಿಗೆ ಶೆಡ್ಡಿನ ಪರದೆಗಳು ಹರಿದು, ಹೊಟ್ಟು ನೆಂದು ಕೆಸರಾಯಿತು. ಮುನೇಶ ಎರಡು ದಿನ ಆ ಗಬ್ಬಿನಲ್ಲೇ ಮೊಣಕಾಲೂರಿ ಹೊಟ್ಟು ಬಾಚಿ ಹೊರಗೆ ಹಾಕಿದ, ನೆಂದ ಬಟ್ಟೆಯಲ್ಲೇ ಶೆಡ್ಡಿನ ಮೂಲೆಯಲ್ಲಿ ಮಲಗಿದ. ಶನಿವಾರ ಬೆಳಿಗ್ಗೆ ಕಾಫಿ ಲೋಟ ಕೊಡುವಾಗ ಅಶ್ವತ್ಥಮ್ಮನ ಬೆರಳಿಗೆ ಅವನ ಕೈ ಸುಟ್ಟಂತಾಯಿತು.

"ಮೈ ಕಾದೈತೆ ನಿಮಗೆ."

"ಬಿಸಿಲಲ್ಲಿ ಇದ್ದೆ."

"ಇನ್ನೂ ಬಿಸಿಲೇ ಬಂದಿಲ್ಲ" ಎಂದು ಅವಳು ಹಣೆ ಮುಟ್ಟಿ ನೋಡಿದಳು. ಅವನು ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟು, "ಯಾರಿಗೂ ಹೇಳ್ಬೇಡ" ಎಂದ.

ಭಾನುವಾರ ಕೆಮ್ಮು ಕಟ್ಟಿಕೊಂಡಿತು. ಅಂದೇ ಕದಿರೇಶನೂ ಬಂದ. ಗೇಟಿನ ಆಚೆ ಅದೇ ಬೈಕು, ಅದೇ ದೂರ. ಮುನೇಶ ಶಾಲು ಬಿಚ್ಚಿಟ್ಟು ಹೊರಗೆ ಹೋಗಿ ನಿಂತ.

"ಗುರುವಾರ ಲಾರಿ ಬರ್ತೈತೆ. ತಮಿಳ್ನಾಡು ಕಡೆಯೋರು ಒಪ್ಕೊಂಡವ್ರೆ. ನಿಂದು ಮೊದಲು, ಆಮೇಲೆ ಸುತ್ತಮುತ್ತಲ ಮಿಕ್ಕ ಏಳು ಶೆಡ್ಡಿಂದು" ಎಂದ ಕದಿರೇಶ. "ಆದ್ರೆ ಒಂದು ಮಾತಣ್ಣ. ಈ ಸುತ್ತಲಲ್ಲಿ ಕೋಳಿಗಾಗ್ಲಿ ಮನುಷ್ಯರಿಗಾಗ್ಲಿ ಏನೋ ಆಗೈತೆ ಅಂತ ಸುದ್ದಿ ಎದ್ರೆ ಒಂದ್ ಲಾರೀನೂ ಬರಲ್ಲ. ಎಲ್ಲಾ ಗುಂಡಿಗೇನೆ."

"ಇಲ್ಲೇನೂ ಇಲ್ಲಪ್ಪ. ನೋಡ್ತಾ ಇದ್ದೀಯಲ್ಲ ನನ್ನ" ಎಂದ ಮುನೇಶ. ಬೈಕಿನ ಸದ್ದು ಅಡಗುವವರೆಗೂ ಕೆಮ್ಮು ತಡೆದು ನಿಂತಿದ್ದು, ಆಮೇಲೆ ಗೋಡೆ ಹಿಡಿದು ಬಗ್ಗಿದ.

ಸಂಜೆ ಊಟದ ಹೊತ್ತಿಗೆ ಮನೆಯಲ್ಲಿ ಜಗಳ ಹತ್ತಿತು. ಮೊದಲು ಶುರುಮಾಡಿದವಳು ಶ್ರುತಿ.

"ನಾಳೆ ಬೆಳಿಗ್ಗೆ ಫಸ್ಟ್ ಬಸ್ಸಿಗೆ ಅಪ್ಪನ್ನ ಮುಳಬಾಗಿಲು ಆಸ್ಪತ್ರೆಗೆ ಕರ್ಕೊಂಡು ಹೋಗೋಣ."

"ಆಸ್ಪತ್ರೇಲಿ ಮೊದಲು ಏನ್ ಕೇಳ್ತಾರೆ ಗೊತ್ತಾ? ಏನ್ ಕೆಲಸ ಮಾಡ್ತೀಯ ಅಂತ" ಎಂದ ಮುನೇಶ. "ಕೋಳಿ ಸಾಕ್ತೀನಿ ಅಂದ್ರೆ ಸಾಕು, ಸಂಜೆಗೆ ಟಿ.ವಿ.ಯೋರು ಬಾಗಿಲಲ್ಲಿ ಇರ್ತಾರೆ. ಫೋಟೋ ಬೇರೆ ಬಂದೈತೆ ನಂದು."

"ಅದು ಹಕ್ಕಿಜ್ವರ ಅಲ್ಲದೇ ಇರಬಹುದು ಅಪ್ಪ. ನಮ್ಮ ಕೋಳಿ ಹಸಿವಿಗೆ ಸತ್ತಿದ್ದು."

"ಅಲ್ಲ ಅಂತ ನಾನೂ ಹೇಳ್ತೀನಿ ಕಣೇ. ಅಲ್ಲ ಅಂತ ರಿಪೋರ್ಟ್ ಬರೋಷ್ಟರಲ್ಲಿ ಎಂಟು ಶೆಡ್ಡು ಗುಂಡಿ ಸೇರಿರ್ತಾವೆ. ಎಂಟು ಮನೆಯೋರು ನನ್ನ ಹೆಸರು ಹೇಳಿ ಮಣ್ಣು ತೂರ್ತಾರೆ."

"ಅಮ್ಮ, ನೀನಾದ್ರೂ ಹೇಳು."

ಅಶ್ವತ್ಥಮ್ಮ ಮಾವನ ಕಡೆ ನೋಡಿದಳು. ಶೆಡ್ಡು ಕಂಡರಾಗದ ಮುದುಕ, ಈಗಲಾದರೂ ಕೋಳಿ ಹಾಳಾಗಲಿ, ಮಗನನ್ನು ಎತ್ತಿಕೊಂಡು ಹೋಗಿ ಎನ್ನುತ್ತಾನೆ ಎಂದು ಅವಳ ನಿರೀಕ್ಷೆ. ದೊಡ್ಡನಾರಾಯಣಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಗುರುವಾರ ಅಂದ್ರೆ ಇನ್ನು ನಾಲ್ಕೇ ದಿನ. ಮನೆ ಮಾತು ಮನೇಲಿರ್ಲಿ" ಎಂದ. "ಒಂದ್ ನೆಗಡಿ ಜ್ವರಕ್ಕೆ ಊರು ಕೂಗೋದು ಬೇಡ."

ಆವಲಮ್ಮ ಆಗಲೇ ಮೆಣಸು, ಶುಂಠಿ ಜಜ್ಜಿ ಕಷಾಯಕ್ಕೆ ಇಟ್ಟಿದ್ದಳು. ಶ್ರುತಿ ತಾಯಿಯ ಮುಖ ನೋಡುತ್ತಲೇ ಇದ್ದಳು. "ನಾಲ್ಕು ದಿನ ನೋಡೋಣ ಶ್ರುತಿ" ಎಂದು ಅಶ್ವತ್ಥಮ್ಮ ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಸೋಮವಾರ ಶ್ರುತಿ ಕಾಲೇಜಿನಿಂದ ಬರುವಾಗ ಔಷಧಿ ಅಂಗಡಿಯಲ್ಲಿ ಜ್ವರದ ಮಾತ್ರೆ ತಂದಳು. ಅಜ್ಜಿಗೆ ಎಂದು ಸುಳ್ಳು ಹೇಳಿ ತಂದಿದ್ದಳು. ನುಂಗಿದರೆ ಎರಡು ಗಂಟೆ ಬೆವರು ಕಿತ್ತು ಮೈ ತಣ್ಣಗಾಗುತ್ತಿತ್ತು, ಮತ್ತೆ ಕಾವು ಏರುತ್ತಿತ್ತು. ಕೋಳಿಯ ಕೆಲಸವೆಲ್ಲ ಅಶ್ವತ್ಥಮ್ಮನ ಮೇಲೆ ಬಿತ್ತು. ನೀರು ಹೊತ್ತು, ಸತ್ತವನ್ನು ಹೂತು, ಬಂದು ಗಂಡನ ಬೆನ್ನು ಉಜ್ಜಿ, ಗಂಜಿ ಕುಡಿಸಿ, ಮತ್ತೆ ಶೆಡ್ಡಿಗೆ ಓಡುತ್ತಿದ್ದಳು. ಉಸಿರೆಳೆದರೆ ಬಲಪಕ್ಕೆಯಲ್ಲಿ ಚಾಕು ಹಾಕಿದ ಹಾಗಾಗುತ್ತದೆ ಎಂದು ಅವನು ಹೇಳಿದ. ಆ ಮಾತು ಕೇಳಿಯೂ ಅವಳು ಬೆರಳು ಮಡಿಸಿ ಗುರುವಾರಕ್ಕೆ ಎಷ್ಟು ದಿನ ಎಂದೇ ಎಣಿಸಿದಳು.

ಮಂಗಳವಾರ ಬೆಳಿಗ್ಗೆ ನರ್ಸು ಭಾರತಮ್ಮ ಬಂದಳು. ಊರೂರು ತಿರುಗಿ ಮಕ್ಕಳಿಗೆ ಚುಚ್ಚುಮದ್ದು ಹಾಕುವವಳು, ಶ್ರುತಿ ಹುಟ್ಟಿದಾಗ ಈ ಮನೆಯಲ್ಲೇ ಹೆರಿಗೆ ಮಾಡಿಸಿದವಳು. ಕೋಳಿ ಸಾಕುವ ಮನೆಗಳಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯೇ ಎಂದು ಕೇಳಿ ಬರೆದುಕೊಳ್ಳಲು ಮೇಲಿನಿಂದ ಆರ್ಡರ್ ಆಗಿತ್ತು. ಜಗುಲಿಯಲ್ಲಿ ಕೂತು ಪುಸ್ತಕ ಬಿಡಿಸಿದಳು.

"ಮನೇಲಿ ಐದು ಜನ ಅಲ್ವಾ ಅಶ್ವತ್ಥಮ್ಮ?"

"ಹೂಂ."

"ಯಾರಿಗಾದ್ರೂ ಜ್ವರ?"

ಒಳಮನೆಯಲ್ಲಿ, ಬಾಗಿಲ ಹಿಂದಿನ ಚಾಪೆಯ ಮೇಲೆ ಮುನೇಶ ಬಾಯಿಗೆ ಟವೆಲು ತುರುಕಿಕೊಂಡು ಕೂತಿದ್ದ. ಅಶ್ವತ್ಥಮ್ಮ ನಿಂತ ಜಾಗದಿಂದ ಅವನ ಬೆನ್ನು ಕಾಣುತ್ತಿತ್ತು. ಆ ಬೆನ್ನು ಅಲುಗುತ್ತಿತ್ತು.

"ಯಾರಿಗೂ ಇಲ್ಲ."

"ಕೆಮ್ಮು, ಉಬ್ಬಸ?"

"ಇಲ್ಲಮ್ಮ."

"ಮುನೇಶಪ್ಪ ಎಲ್ಲಿ? ಪೇಪರಲ್ಲಿ ನೋಡ್ದೆ, ಪರವಾಗಿಲ್ಲ ಮಹರಾಯ" ಎಂದು ಭಾರತಮ್ಮ ನಕ್ಕಳು.

"ಶ್ರೀನಿವಾಸಪುರಕ್ಕೆ ಹೋಗವ್ರೆ. ಸಂಬಂಧಿಕರ ಮನೆಗೆ."

ಭಾರತಮ್ಮ ಬರೆದುಕೊಂಡು ಪುಸ್ತಕ ಮುಚ್ಚಿದಳು. ಏಳುವ ಮೊದಲು ಒಂದು ಕ್ಷಣ ಅಶ್ವತ್ಥಮ್ಮನ ಮುಖ ನೋಡಿ, "ಇದ್ರೆ ಹೇಳ್ಬಿಡು. ಜ್ವರ ಅಂದ್ರೆಲ್ಲಾ ಅದೇ ಆಗಲ್ಲ. ಗಾಡಿ ನಾನೇ ತರಿಸ್ತೀನಿ, ಮಾತ್ರೆ ಸೂಜಿ ಎಲ್ಲಾ ಐತೆ" ಎಂದಳು.

"ಇದ್ರೆ ಹೇಳದೆ ಇರ್ತೀವಾ" ಎಂದಳು ಅಶ್ವತ್ಥಮ್ಮ. ಜಗುಲಿಯ ಇನ್ನೊಂದು ತುದಿಯಲ್ಲಿ ಕೂತಿದ್ದ ಮಾವ ಬೀಡಿ ಹಚ್ಚಿಕೊಂಡ. ನರ್ಸಮ್ಮ ಮುಂದಿನ ಮನೆಗೆ ಹೋದಳು.

ಒಳಗೆ ಬಂದು ಟವೆಲು ತೆಗೆದರೆ ಅದರಲ್ಲಿ ತುಕ್ಕು ಬಣ್ಣದ ಕಫ ಇತ್ತು. ಅವಳು ಅದನ್ನು ಬಚ್ಚಲಲ್ಲಿ ಒಗೆದು, ಹಿತ್ತಲಲ್ಲಿ ಒಣಹಾಕಿದರೆ ಯಾರಾದರೂ ನೋಡುತ್ತಾರೆಂದು ಅಡುಗೆಮನೆಯ ಒಳಗೇ ಹರವಿದಳು.

ಗುರುವಾರ ಹನ್ನೊಂದು ಗಂಟೆಗೆ ಲಾರಿ ಬಂತು. ಬೇಡವೆಂದರೂ ಕೇಳದೆ ಮುನೇಶ ಎದ್ದು, ಗಡ್ಡ ಹೆರೆದುಕೊಂಡು, ಎರಡು ಮಾತ್ರೆ ಒಟ್ಟಿಗೆ ನುಂಗಿ ಶೆಡ್ಡಿಗೆ ನಡೆದ. ಯಜಮಾನ ಕಾಣದಿದ್ದರೆ ಲಾರಿಯವರಿಗೆ ಅನುಮಾನ ಬರುತ್ತದೆ ಎಂದ. ಕೋಳಿ ತುಂಬುವ ಮೂರು ಗಂಟೆ ಅವನು ಶೆಡ್ಡಿನ ಕಲ್ಲುಕಂಬಕ್ಕೆ ಒರಗಿ ನಿಂತಿದ್ದ. ಕದಿರೇಶ ಏನೋ ಕೇಳಿದರೆ ತಲೆ ಆಡಿಸುತ್ತಿದ್ದ, ಬಾಯಿ ತೆರೆಯುತ್ತಿರಲಿಲ್ಲ. ಅಶ್ವತ್ಥಮ್ಮ ಪಂಜರಕ್ಕೆ ಕೋಳಿ ಕೊಡುತ್ತ ಕೊಡುತ್ತ ಅವನ ತುಟಿ ನೋಡುತ್ತಿದ್ದಳು. ಅವು ಕಪ್ಪಾಗುತ್ತಿದ್ದವು. ಈಗಲೇ ಹೋಗಿ ಲಾರಿಯ ಮುಂದೆ ನಿಂತು ಕೂಗಿಬಿಡಬೇಕು ಎನಿಸಿತು. ಇನ್ನು ಅರ್ಧ ಗಂಟೆ ತಾನೇ ಎಂದು ಮತ್ತೊಂದು ಕೋಳಿ ಎತ್ತಿದಳು.

ಲಾರಿ ತಿರುವು ದಾಟಿದ ಮೇಲೆ ಅವನು ಕಂಬ ಬಿಟ್ಟ. ಬಿಟ್ಟವನು ನೆಲಕ್ಕೆ ಕೂತ, ಮತ್ತೆ ಏಳಲಿಲ್ಲ.

ಊರಿನ ಆಟೋದವನು ಬಾಗಿಲವರೆಗೆ ಬಂದು, ಕೋಳಿ ಮನೆಯ ಜ್ವರ ಎಂದು ಗೊತ್ತಾದದ್ದೇ ತಿರುಗಿಸಿಕೊಂಡು ಹೋದ. ತಾಯಲೂರಿನಿಂದ ಟೊಮೆಟೊ ಸಾಗಿಸುವ ಟೆಂಪೋ ಹಿಡಿದು ತರುವಷ್ಟರಲ್ಲಿ ಸಂಜೆಯಾಯಿತು. ಕೋಲಾರದ ಆಸ್ಪತ್ರೆಯೊಂದರಲ್ಲಿ, ಏನು ಕೆಲಸ ಎಂದು ಕೇಳಿದರು. ಶ್ರುತಿ ಹೇಳಿದಳು. ಹೇಳಿದ ಕೂಡಲೇ ಸುತ್ತಲಿನ ಬೆಂಚುಗಳು ಖಾಲಿಯಾದವು. ಬೇರೆ ಕೋಣೆಗೆ ಹಾಕಿದರು, ಮೂಗಿಗೆ ಬಟ್ಟೆ ಕಟ್ಟಿಕೊಂಡ ವಯಸ್ಸಾದ ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ನೋಡಿದರು.

"ಎರಡು ಕಡೇನೂ ತುಂಬ್ಕೊಂಡಿದೆ. ಎಷ್ಟು ದಿನ ಆಯ್ತು?"

"ಆರು ದಿನ ಸಾರ್" ಎಂದಳು ಶ್ರುತಿ.

"ಆರು ದಿನ ಮನೇಲಿಟ್ಕೊಂಡು ಏನ್ ಮಾಡ್ತಿದ್ರಿ?"

ಗಂಟಲಿನಿಂದ ಹತ್ತಿಯಲ್ಲಿ ಏನೋ ಒರೆಸಿ ತೆಗೆದು, ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಮುನೇಶ ಶುಕ್ರವಾರ ಮಧ್ಯಾಹ್ನ ತೀರಿಕೊಂಡ. ಹೋಗುವ ಮೊದಲು ಒಮ್ಮೆ ಕಣ್ಣು ತೆರೆದು, "ಮಿಕ್ಕ ಲಾರಿ ಬಂದ್ವಾ" ಎಂದು ಕೇಳಿದ. ಅಶ್ವತ್ಥಮ್ಮ "ಬಂದ್ವು" ಎಂದಳು. ಲಾರಿ ಒಂದೂ ಬಂದಿರಲಿಲ್ಲ. ಅವನು ಭಯಪಟ್ಟದ್ದೆಲ್ಲ ಆಗಲೇ ಆಗಿಹೋಗಿತ್ತು, ಟಿ.ವಿ.ಯಲ್ಲಿ ಕೋಳಿ ಕಾಲು ಹಿಡಿದ ಅವನ ಫೋಟೋ ಬೆಳಗಿನಿಂದ ಬರುತ್ತಿತ್ತು.

ಹೆಣವನ್ನು ಊರ ಮುಂದಿನ ದಾರಿಯಲ್ಲಿ ತರಬೇಡಿ ಎಂದು ಹಿರಿಯರು ಹೇಳಿ ಕಳಿಸಿದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ಕೆರೆಯ ಹಿಂದಿನಿಂದ ತಂದು, ಸ್ವಂತ ಹೊಲದ ಬದಿಯಲ್ಲಿ ಆಳದ ಗುಂಡಿ ತೆಗೆದು ಸುಣ್ಣ ಸುರಿದು ಇಳಿಸಿದರು. ಹೆಗಲು ಕೊಡಲು ದೊಡ್ಡನಾರಾಯಣಪ್ಪನೂ, ಆಸ್ಪತ್ರೆಯಿಂದ ಬಂದ ಮೂವರು ಕೆಲಸಗಾರರೂ ಇದ್ದರು. ಆವಲಮ್ಮನಿಗೆ ಮಗನ ಮುಖ ತೋರಿಸಲಿಲ್ಲ. ದೊಡ್ಡ ರೋಗ, ಬಿಚ್ಚಬಾರದು ಎಂದರು. "ದೇವ್ರು ಕೊಟ್ಟ ರೋಗಕ್ಕೆ ಯಾರೇನ್ ಮಾಡೋಕಾಗ್ತೈತೆ" ಎಂದು ಆವಲಮ್ಮ ಆ ಮಾತನ್ನೇ ಹಿಡಿದುಕೊಂಡಳು. ಎರಡು ದಿನ ಎದ್ದೆದ್ದು ಅತ್ತು, ಮೂರನೆಯ ದಿನ ಸಮಾಧಾನ ಮಾಡಿಕೊಂಡು ಶ್ರುತಿಗೆ ತಲೆ ಬಾಚಿದಳು.

ಮಿಕ್ಕ ಏಳು ಶೆಡ್ಡಿನವರಲ್ಲಿ ಇಬ್ಬರು ಬಾಗಿಲಲ್ಲಿ ನಿಂತು ಬೈದು ಹೋದರು. ಡೈರಿಯವರು ಇವರ ಹಾಲು ಬೇಡವೆಂದರು. ಅಶ್ವತ್ಥಮ್ಮ ಎರಡು ಹೊತ್ತೂ ಕರೆದ ಹಾಲನ್ನು ಹಿತ್ತಲಿನ ಗಿಡಕ್ಕೆ ಸುರಿದಳು. ಶ್ರುತಿ ಪರೀಕ್ಷೆಗೆ ಹೋಗಲಿಲ್ಲ, ತಾಯಿಯ ಜೊತೆ ಮಾತೂ ಆಡಲಿಲ್ಲ. ತಾಯಿ ಮುದ್ದೆ ಇಟ್ಟರೆ ತಿನ್ನುತ್ತಿದ್ದಳು, ಅಷ್ಟೆ. ಅವಳು ಬಾಯಿಬಿಟ್ಟು ಬೈದರೆ ಒಳ್ಳೆಯದಿತ್ತು ಎಂದು ಅಶ್ವತ್ಥಮ್ಮನಿಗೆ ಅನಿಸುತ್ತಿತ್ತು.

ಒಂಬತ್ತನೆಯ ದಿನ ಸಂಜೆ ಊರಿಗೆ ಜೀಪು ಬಂತು. ಮೈಕಿನಲ್ಲಿ ಬೀದಿ ಬೀದಿಯಲ್ಲಿ ಸಾರಿದರು. ಪರೀಕ್ಷೆಯ ವರದಿ ಬಂದಿದೆ. ನಮ್ಮ ಗ್ರಾಮದಲ್ಲಿ ಹಕ್ಕಿಜ್ವರ ಇಲ್ಲ. ಯಾರೂ ಹೆದರಬೇಕಾಗಿಲ್ಲ. ಮುಚ್ಚಿದ್ದ ಬಾಗಿಲುಗಳು ತೆರೆದವು. ಇಷ್ಟು ದಿನ ಈ ಕಡೆ ತಿರುಗಿ ನೋಡದಿದ್ದ ಮುನಿರಾಮಪ್ಪ ನಾಲ್ಕೈದು ಜನರನ್ನು ಜೊತೆಗೆ ಕರೆದುಕೊಂಡು ಇವರ ಅಂಗಳಕ್ಕೇ ಬಂದ. ಅವನ ಮುಖ ಅರಳಿತ್ತು.

"ಒಳ್ಳೇ ಸುದ್ದಿ ಅಶ್ವತ್ಥಮ್ಮ. ನಿಮ್ಮ ಯಜಮಾನ್ರಿಗೆ ಅದಲ್ಲವಂತೆ. ಬರೀ ನ್ಯುಮೋನಿಯಾ ಅಂತೆ, ಮೊದಲೇ ಸೂಜಿ ಹಾಕಿಸಿದ್ರೆ ಹೋಗೋದಂತೆ. ನಾಳೆಯಿಂದ ಹಾಲು ತಂದು ಹಾಕಮ್ಮ."

ಅಶ್ವತ್ಥಮ್ಮ ಬಾಗಿಲ ಕಂಬ ಹಿಡಿದು ನಿಂತಿದ್ದಳು. ಒಳಗಿನಿಂದ ಆವಲಮ್ಮ ಗೋಡೆ ತಡವುತ್ತ ಬಂದಳು.

"ಏನಂತೆ?"

"ನಿಮ್ಮ ಮಗನಿಗೆ ಆ ರೋಗ ಇರ್ಲಿಲ್ಲವಂತೆ ಅತ್ತೆ. ಎದೇಲಿ ಕಫ ಕಟ್ಟಿತ್ತಂತೆ."

"ಕಫಾನಾ? ಅದಕ್ಕೆ ಔಷ್ದಿ ಇಲ್ವಾ?"

"ಐತಂತೆ. ಮೊದಲೇ ಸೂಜಿ ಹಾಕಿಸಿದ್ರೆ ಬದುಕ್ತಿದ್ರಂತೆ."

ಆವಲಮ್ಮ ಸೊಸೆಯ ಮುಖವನ್ನು, ಅಂಗಳದಲ್ಲಿ ನಿಂತವರ ಮುಖವನ್ನು ಒಂದೊಂದಾಗಿ ನೋಡಿದಳು.

"ಸೂಜಿಗೆ ಹೋಗೋ ಕಾಯಿಲೆಗೆ ನನ್ನ ಮಗ ಯಾಕೇ ಸತ್ತ?"

ಜಗುಲಿಯ ಮೇಲಿನಿಂದ ದೊಡ್ಡನಾರಾಯಣಪ್ಪ ತಗ್ಗಿದ ದನಿಯಲ್ಲಿ, "ಒಳಗೆ ನಡೀರಿ. ಜನ ಕೇಳಿಸ್ಕೋತಾರೆ" ಎಂದ.

"ಕೇಳಿಸ್ಕೊಳ್ಲಿ ಮಾವ" ಎಂದಳು ಅಶ್ವತ್ಥಮ್ಮ. ಅವಳ ದನಿ ಬೀದಿಯ ಆಚೆಯ ಮನೆಗೂ ಕೇಳಿಸಿತು. "ಶನಿವಾರದಿಂದ ಜ್ವರ ಇತ್ತು ಅತ್ತೆ, ನಿಮಗೂ ಗೊತ್ತು. ಮಂಗಳವಾರ ನರ್ಸಮ್ಮ ಬಂದು ಕೇಳಿದ್ರು. ಗಾಡಿ ತರಿಸ್ತೀನಿ ಅಂದ್ರು, ಸೂಜಿ ಐತೆ ಅಂದ್ರು. ನಿಮ್ಮ ಮಗ ಒಳಗೆ ಬಾಯಿಗೆ ಬಟ್ಟೆ ತುರುಕ್ಕೊಂಡು ಕೂತಿದ್ರು. ಯಾರಿಗೂ ಜ್ವರ ಇಲ್ಲ ಅಂತ ಹೇಳಿ ಕಳಿಸ್ದೋಳು ನಾನು."

ಮುನಿರಾಮಪ್ಪ ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ಹೊರಟ, ಉಳಿದವರು ಅವನ ಹಿಂದೆ ನಡೆದರು. ಆವಲಮ್ಮ ಹೊಸಿಲ ಮೇಲೆ ಕುಸಿದು ಕೂತಳು. ದೇವರು ಕೊಟ್ಟದ್ದೆಂದು ಅತ್ತು ಮುಗಿಸಿದ್ದ ಮಗನಿಗಾಗಿ, ಈಗ ಮೊದಲಿನಿಂದ ಅಳುವುದಕ್ಕೆ ಶುರುಮಾಡಿದಳು.